ಗ್ರಂಥಾಲಯದ ಬಾಗಿಲಿಗೆ ಒಂದು ಹಾಳೆ ಅಂಟಿಸಿ

ಮಾನ್ಯ ಸಂಪಾದಕರೇ,

ಧಾರವಾಡದ ಸಪ್ತಾಪುರದ ಕಡೆ ಹೋದರೆ ಕರೆಂಟ್ ಕಂಬದಿಂದ ಹಿಡಿದು ಕಂಪೌಂಡ್ ಗೋಡೆಯವರೆಗೆ ಕ್ಲಾಸುಗಳ ಬೋರ್ಡೇ ಬೋರ್ಡು. ರೋಣ, ಹಾನಗಲ್ಲ, ಶಿಗ್ಗಾವಿ, ಮುಂಡರಗಿಯಿಂದ ಬಂದ ಹುಡುಗ ಹುಡುಗಿಯರು ಪಿಜಿ ಬಾಡಿಗೆ, ಮೆಸ್ಸಿನ ಬಿಲ್ಲು, ರೀಡಿಂಗ್ ರೂಮಿನ ತಿಂಗಳ ಫೀ, ಜೆರಾಕ್ಸ್ ನೋಟ್ಸು ಎಂದು ರೊಕ್ಕ ಹೊಂದಿಸುತ್ತಲೇ ಇರುತ್ತಾರೆ. ಇನ್ನು ದುಡಿಯುತ್ತ ಕಲಿಯಬೇಕೆನ್ನುವವರು, ಅಂದರೆ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಗ್ಯಾರೇಜಿನವರು, ಪಿಯುಸಿಗೇ ಓದು ನಿಂತ ಹೆಣ್ಣುಮಕ್ಕಳು, ಇವರಿಗೆ ಕ್ಲಾಸಿನ ವೇಳೆಯೂ ಹೊಂದುವುದಿಲ್ಲ, ಫೀಯೂ ಕೈಗೆಟುಕುವುದಿಲ್ಲ. ನಾವು ಈ ಭಾಗದಲ್ಲಿ ಗ್ರಂಥಾಲಯ, ದೂರಶಿಕ್ಷಣ ಮತ್ತು ಕಂಪ್ಯೂಟರ್ ತರಬೇತಿಯ ಕೆಲಸದಲ್ಲಿರುವವರು. ನಮ್ಮ ಮುಂದೆ ಬರುವ ಪ್ರಶ್ನೆ ಎರಡೇ: ಎಲ್ಲಿಂದ ಶುರು ಮಾಡಲಿ, ಯಾವುದನ್ನು ನಂಬಲಿ? ಒಳ್ಳೆಯ ಸಾಮಗ್ರಿ ಬೇಕಾದಷ್ಟಿದೆ, ಬಹುಪಾಲು ಪುಕ್ಕಟೆಯಾಗಿಯೇ ಇದೆ. ಅದರ ಅನುಕ್ರಮ ಮಾತ್ರ ಎಲ್ಲಿಯೂ ಬರೆದಿಲ್ಲ. ಆ ಅನುಕ್ರಮ ಬರೆದ ಒಂದು ಹಾಳೆ ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಬಾಗಿಲಿನಲ್ಲಿ ಇರಬೇಕು ಎಂಬುದು ನಮ್ಮ ಕೇಳಿಕೆ. ಅದರಲ್ಲಿ ಏನಿರಬೇಕು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಶಾಲೆಯ ಪುಸ್ತಕ. ಓದು ಬಿಟ್ಟು ಹತ್ತು ವರ್ಷವಾದವರು ನೇರವಾಗಿ ದಪ್ಪ ಗೈಡಿಗೆ ಕೈ ಹಾಕುತ್ತಾರೆ, ಮೂರನೆಯ ವಾರಕ್ಕೆ ಬಿಟ್ಟುಬಿಡುತ್ತಾರೆ. ಬುದ್ಧಿ ಸಾಲದೆ ಬಿಡುವುದಲ್ಲ, ಎಂಟು-ಒಂಬತ್ತನೆಯ ತರಗತಿಯ ಬುನಾದಿ ಮರೆತುಹೋಗಿರುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದರಿಂದ ಹತ್ತರವರೆಗಿನ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಇದರಲ್ಲಿ ಬಹಳ ಜನ ಗಮನಿಸದ ಅನುಕೂಲವೊಂದಿದೆ. ಪ್ರೌಢಶಾಲೆಯ ಗಣಿತ, ವಿಜ್ಞಾನದ ಪುಸ್ತಕಗಳು ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪುಸ್ತಕಗಳನ್ನೇ ಆಧರಿಸಿದವು, ಮತ್ತು ಅದೇ ಪುಸ್ತಕ ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಅಧ್ಯಾಯಕ್ಕೆ ಅಧ್ಯಾಯ, ಚಿತ್ರಕ್ಕೆ ಚಿತ್ರ ಕೂಡಿ ಬರುತ್ತದೆ. ಕನ್ನಡದಲ್ಲಿ ‘ಸಮಾಂತರ ಶ್ರೇಢಿ’ ಓದಿ ಲೆಕ್ಕ ಬಿಡಿಸಿ, ಆಮೇಲೆ ಅದೇ ಪುಟವನ್ನು ಇಂಗ್ಲಿಷಿನಲ್ಲಿ ಓದಿದರೆ ‘ಅರಿತ್ಮೆಟಿಕ್ ಪ್ರೊಗ್ರೆಷನ್’ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ‘ವಕ್ರೀಭವನ’ವೇ ‘ರಿಫ್ರ್ಯಾಕ್ಷನ್’. ದಿನಕ್ಕೆ ಹತ್ತು ಪದದಂತೆ ಎರಡು ಕಾಲಂ ಎಳೆದು ಬರೆದುಕೊಂಡರೆ ಮೂರು ತಿಂಗಳಿಗೆ ಸುಮಾರು ಒಂಬೈನೂರು ಪದ. ಮುಂದಿನ ಉಚಿತ ಸಾಮಗ್ರಿಯಲ್ಲಿ ಹೆಚ್ಚಿನದು ಇಂಗ್ಲಿಷಿನಲ್ಲೇ ಇರುವುದರಿಂದ ಈ ವಹಿ ದಾಟುವ ಸೇತುವೆಯಾಗುತ್ತದೆ. ಎರಡೂ ಪುಸ್ತಕ ಒಂದೇ ವರ್ಷದ ಮುದ್ರಣವಾಗಿರಲಿ. 2022–23ರ ನಂತರ ಎನ್‌ಸಿಇಆರ್‌ಟಿ ಕೆಲವು ಅಧ್ಯಾಯಗಳನ್ನು ಕೈಬಿಟ್ಟಿದ್ದರಿಂದ ಕನ್ನಡದ್ದನ್ನು ಪಠ್ಯಪುಸ್ತಕ ಸಂಘದಿಂದ, ಇಂಗ್ಲಿಷಿನದನ್ನು ಎನ್‌ಸಿಇಆರ್‌ಟಿಯಿಂದ ತಂದರೆ ಅಧ್ಯಾಯದ ಸಂಖ್ಯೆ ಹೊಂದುವುದಿಲ್ಲ. ಆಗ ಶೀರ್ಷಿಕೆ ನೋಡಿ ಹೊಂದಿಸಿಕೊಳ್ಳಬೇಕು.

ಎನ್‌ಸಿಇಆರ್‌ಟಿ ಪುಸ್ತಕವನ್ನು ಅಚ್ಚಿನಲ್ಲೇ ಕೊಳ್ಳುವವರು ಒಳಪುಟವನ್ನು ಬೆಳಕಿಗೆ ಹಿಡಿದು ನೋಡಲಿ. ಅಸಲಿ ಪುಸ್ತಕ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ ಮೇಲೆ ಅಚ್ಚಾಗಿರುತ್ತದೆ, ಕಾಗದದೊಳಗೆ ಸಂಸ್ಥೆಯ ನೀರುಗುರುತು ಕಾಣಿಸುತ್ತದೆ. ನಕಲಿಯಲ್ಲಿ ಕಾಗದ ತೆಳು, ಚಿತ್ರದ ಗೆರೆಗಳು ಕಲಸಿರುತ್ತವೆ. ಭೂಪಟ, ಗ್ರಾಫ್ ಓದುವಾಗ ಅದೇ ದೊಡ್ಡ ತೊಡಕು.

ಕಂಪ್ಯೂಟರ್ ಕಲಿಕೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ. ಹುಬ್ಬಳ್ಳಿಯಲ್ಲಿ ಲೆಕ್ಕಪತ್ರ, ಡಿಟಿಪಿ, ಬಿಲ್ಲಿಂಗ್ ಕೆಲಸ ಹುಡುಕುವವರಿಗೆ ಇದೇ ಮೊದಲ ಮೆಟ್ಟಿಲು, ರೊಕ್ಕ ಕಳೆದುಕೊಳ್ಳುವ ಜಾಗವೂ ಇದೇ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಪೂರ್ತಿ ಉಚಿತ. ಒಂದೊಂದು ವಿಡಿಯೊ ಸುಮಾರು ಹತ್ತು ನಿಮಿಷದ್ದು, ಕನ್ನಡ ಧ್ವನಿ ಕೊಟ್ಟ ಪಾಠಗಳೂ ಸಾಕಷ್ಟಿವೆ. ಪತ್ರ, ಲೆಕ್ಕದ ಹಾಳೆ ಮಾಡುವ ಲಿಬ್ರೆ ಆಫೀಸ್, ಲಿನಕ್ಸ್, ಪೈಥಾನ್, ಚಿತ್ರ ತಿದ್ದುವ ಗಿಂಪ್, ಇಂಕ್‌ಸ್ಕೇಪ್ ಎಲ್ಲ ಇವೆ. ಆ ಸಾಫ್ಟ್‌ವೇರುಗಳೂ ಉಚಿತವೇ ಆದ್ದರಿಂದ ಕದ್ದ ಪ್ರತಿ ಹಾಕಿಕೊಂಡು ಕಂಪ್ಯೂಟರಿಗೆ ವೈರಸ್ ಹತ್ತಿಸಿಕೊಳ್ಳುವ ಪ್ರಸಂಗವೇ ಬರುವುದಿಲ್ಲ.

ಆದರೆ ಇದನ್ನು ಸಿನಿಮಾದ ಹಾಗೆ ನೋಡಿದರೆ ಏನೂ ಉಳಿಯುವುದಿಲ್ಲ. ಪಾಠ ಸಿದ್ಧಪಡಿಸಿರುವುದೇ ನೋಡುತ್ತ ಮಾಡುವುದಕ್ಕಾಗಿ. ಪರದೆಯನ್ನು ಎರಡು ಭಾಗ ಮಾಡಿ: ಎಡಕ್ಕೆ ವಿಡಿಯೊ, ಬಲಕ್ಕೆ ಸಾಫ್ಟ್‌ವೇರ್. ವಿಂಡೋಸಿನಲ್ಲಾದರೆ ವಿಂಡೋಸ್ ಕೀ ಒತ್ತಿ ಹಿಡಿದು ಎಡಬಾಣದ ಕೀ ಒತ್ತಿದರೆ ಕಿಟಕಿ ಅರ್ಧ ಪರದೆಗೆ ಕೂಡುತ್ತದೆ. ಪಾಠದ ಜೊತೆಗಿರುವ ಅಭ್ಯಾಸದ ಫೈಲುಗಳನ್ನು ಮೊದಲೇ ಇಳಿಸಿಕೊಳ್ಳಿ, ಇಲ್ಲವಾದರೆ ನಾಲ್ಕನೆಯ ನಿಮಿಷಕ್ಕೆ ‘ಈ ಫೈಲ್ ತೆರೆಯಿರಿ’ ಎಂದಾಗ ಕೈ ಖಾಲಿ. ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ಮಾಡಿ, ಮುಂದೆ ಹೋಗಿ. ಹತ್ತು ನಿಮಿಷದ ಪಾಠಕ್ಕೆ ಅರ್ಧ ಗಂಟೆ ಹಿಡಿದರೆ ಅದು ಸರಿಯಾದ ವೇಗ. ವಿಡಿಯೊದಲ್ಲಿರುವ ಆವೃತ್ತಿ ಹಳೆಯದಾಗಿದ್ದು ನಿಮ್ಮ ಪರದೆಯ ಮೆನು ಬೇರೆ ಕಂಡರೆ ಗಾಬರಿ ಬೇಡ. ಆಜ್ಞೆಯ ಹೆಸರು ಬಹುತೇಕ ಅದೇ ಇರುತ್ತದೆ, ಜಾಗ ಮಾತ್ರ ಬದಲಾಗಿರುತ್ತದೆ. ಹಲವು ಪಾಠಗಳನ್ನು ಲಿನಕ್ಸಿನಲ್ಲಿ ಚಿತ್ರಿಸಿದ್ದಾರೆ, ಲಿಬ್ರೆ ಆಫೀಸಿನ ಮಟ್ಟಿಗೆ ವಿಂಡೋಸಿನಲ್ಲಿಯೂ ಅದೇ ಕ್ರಮ ನಡೆಯುತ್ತದೆ. ಮೊಬೈಲಿನಲ್ಲೇ ಎಲ್ಲ ಪಾಠ ನೋಡಿ ಮುಗಿಸಿದವರು ಕೀಲಿಮಣೆಯ ಮುಂದೆ ಕೂತಾಗ ಮೊದಲಿನಿಂದಲೇ ಶುರು ಮಾಡಬೇಕಾಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಗ್ರಂಥಾಲಯದ ಡಿಜಿಟಲ್ ವಿಭಾಗದಲ್ಲಿ ವಾರಕ್ಕೆ ಮೂರು ದಿನ, ಒಂದೊಂದು ಗಂಟೆ ಕೂತು ಮಾಡುವುದೇ ಮೇಲು.

ಕಾಲೇಜು ಮಟ್ಟದ ವಿಷಯಗಳಿಗೆ ಎನ್‌ಪಿಟಿಇಎಲ್ ಮತ್ತು ಸ್ವಯಂ ಎಂಬ ಆನ್‌ಲೈನ್ ಪಾಠಗಳ ತಾಣಗಳಿವೆ. ಎನ್‌ಪಿಟಿಇಎಲ್ ಅನ್ನು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲಿ ಆರಂಭಿಸಿದವು, ಸ್ವಯಂ ಬಂದದ್ದು 2017ರಲ್ಲಿ. ಪಾಠಗಳು ನಾಲ್ಕು, ಎಂಟು, ಹನ್ನೆರಡು ವಾರದವು, ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಹೆಸರು ನೋಂದಾಯಿಸುವುದು, ಕೇಳುವುದು ಉಚಿತ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷೆ, ಅದಕ್ಕೆ ಸಾಮಾನ್ಯವಾಗಿ ಒಂದು ಪಾಠಕ್ಕೆ 1,000 ರೂಪಾಯಿ. ಪಾಠಕ್ಕೆ ನೋಂದಾಯಿಸಿದ ಮಾತ್ರಕ್ಕೆ ಪರೀಕ್ಷೆಗೆ ನೋಂದಾಯಿಸಿದಂತಲ್ಲ. ಅದು ಬೇರೆಯದೇ ಅರ್ಜಿ, ಅದರ ಕೊನೆಯ ದಿನವೂ ಬೇರೆ.

ಇಲ್ಲಿ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ವಾರದ ಅಸೈನ್‌ಮೆಂಟ್ ಬಿಟ್ಟು. ಲೆಕ್ಕ ಹೀಗಿದೆ. ಅಂತಿಮ ಅಂಕದಲ್ಲಿ 25 ಅಸೈನ್‌ಮೆಂಟಿಗೆ, 75 ಪರೀಕ್ಷೆಗೆ. ಹನ್ನೆರಡು ವಾರದ ಪಾಠದಲ್ಲಿ ಹನ್ನೆರಡು ಅಸೈನ್‌ಮೆಂಟುಗಳ ಪೈಕಿ ಅತಿ ಹೆಚ್ಚು ಅಂಕ ಬಂದ ಎಂಟನ್ನು ಹಿಡಿದು ಸರಾಸರಿ ತೆಗೆಯುತ್ತಾರೆ. ಪ್ರಮಾಣಪತ್ರಕ್ಕೆ ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30, ಎರಡೂ ಬೇಕೇ ಬೇಕು. ಮೂರೇ ಅಸೈನ್‌ಮೆಂಟ್ ಸಲ್ಲಿಸಿ ಮೂರರಲ್ಲೂ ನೂರಕ್ಕೆ ನೂರು ತೆಗೆದಿರಿ ಎನ್ನಿ: 300 ಭಾಗಿಸು 8, ಸರಾಸರಿ 37.5, ಅದರ ಕಾಲುಭಾಗ ಸುಮಾರು 9.4. ಪರೀಕ್ಷೆಯಲ್ಲಿ 70 ಬಂದರೂ ಪ್ರಮಾಣಪತ್ರ ಇಲ್ಲ. ಅದೇ ನಾಲ್ಕು ಸಲ್ಲಿಸಿ ತಲಾ 80 ಬಂದರೆ 320 ಭಾಗಿಸು 8, ಸರಾಸರಿ 40, ಸರಿಯಾಗಿ ಹತ್ತು ಅಂಕ, ಪಾಸು. ಆದ್ದರಿಂದ ಮೊದಲ ವಾರದಿಂದಲೇ, ಅರ್ಧಂಬರ್ಧ ಗೊತ್ತಿದ್ದರೂ, ಸಲ್ಲಿಸಿಬಿಡಬೇಕು. ಇನ್ನೊಂದು ಮಾತು. ಈ ಪ್ರಮಾಣಪತ್ರ ಡಿಗ್ರಿಯಲ್ಲ. ಕಾಲೇಜಿನಲ್ಲಿ ಹೆಸರಿದ್ದವರಿಗೆ ಆ ಕಾಲೇಜು ಒಪ್ಪಿದರೆ ಕ್ರೆಡಿಟ್ ಆಗುತ್ತದೆ. ಉಳಿದವರಿಗೆ ಅದು ಕಲಿತದ್ದಕ್ಕೆ ಸಾಕ್ಷಿ, ಅಷ್ಟೇ. ಕಲಿಕೆಯೇ ಗುರಿಯಾದರೆ ಸಾವಿರ ರೂಪಾಯಿ ಉಳಿಸಿ ಹಳೆಯ ಪಾಠಗಳನ್ನೇ ನಿಮ್ಮ ವೇಗಕ್ಕೆ ನೋಡಿ. ಅವು ತೆರೆದೇ ಇರುತ್ತವೆ.

ಬಿಎ, ಬಿಕಾಂ ಮಟ್ಟದ ಓದಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಪಠ್ಯಗಳು ‘ಇ-ಜ್ಞಾನಕೋಶ’ದಲ್ಲಿ ಪುಕ್ಕಟೆ ಸಿಗುತ್ತವೆ. ಒಬ್ಬರೇ ಕೂತು ಓದುವವರಿಗಾಗಿಯೇ ಬರೆದವು. ನಡುನಡುವೆ ಪ್ರಶ್ನೆ, ಘಟಕದ ಕೊನೆಗೆ ಉತ್ತರದ ಸುಳಿವು ಇರುತ್ತದೆ. ಉತ್ತರ ಮೊದಲೇ ನೋಡದೆ ಪೆನ್ನು ಹಿಡಿದು ಬರೆದವರಿಗೆ ಮಾತ್ರ ಇದರ ಲಾಭ. ಕನ್ನಡದಲ್ಲೇ ಓದಬೇಕೆಂದರೆ ಸರ್ಕಾರದ ‘ಕಣಜ’ ತಾಣ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಿಕ, ಧಾರವಾಡದ ಕರ್ನಾಟಕ ವಿವಿ ಮತ್ತು ಹಂಪಿ ವಿವಿ ಪ್ರಸಾರಾಂಗದ ಪುಸ್ತಕಗಳಿವೆ. ‘ಬಾಲ ವಿಜ್ಞಾನ’ ಹೆಸರಿಗಷ್ಟೇ ಬಾಲರದ್ದು, ದೊಡ್ಡವರೂ ಧಾರಾಳವಾಗಿ ಓದಬಹುದು.

ಇನ್ನು ನಂಬಿಕೆಯ ಮಾತು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಹಳಸಿದ ಮಾಹಿತಿಯೇ ದೊಡ್ಡ ರೋಗ. ಮುಖಪುಟದ ಮೇಲೆ ಹೊಸ ವರ್ಷ ಹಾಕಿರುತ್ತಾರೆ, ಒಳಗೆ ಹಳೆಯದನ್ನೇ ಮರುಮುದ್ರಿಸಿರುತ್ತಾರೆ. ‘ಮುದ್ರಣ’ವೇ ಬೇರೆ, ‘ಪರಿಷ್ಕೃತ ಆವೃತ್ತಿ’ಯೇ ಬೇರೆ. ಅಂಗಡಿಯಲ್ಲಿ ನಿಂತಲ್ಲೇ ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಕರ್ನಾಟಕದ ಜಿಲ್ಲೆಗಳು ಎಷ್ಟು ಎಂಬ ಪುಟ ತೆಗೆಯಿರಿ: 30 ಎಂದಿದ್ದರೆ ಅದು 2021ರಲ್ಲಿ ವಿಜಯನಗರ ಜಿಲ್ಲೆಯಾಗುವುದಕ್ಕೆ ಹಿಂದಿನ ಸರಕು. ಕೇಂದ್ರಾಡಳಿತ ಪ್ರದೇಶಗಳು 9 ಎಂದಿದ್ದರೆ 2020ರ ಜನವರಿ 26ರಂದು ದಾದ್ರಾ-ನಗರ ಹವೇಲಿ ಮತ್ತು ದಮನ್-ದಿಯು ವಿಲೀನವಾದದ್ದು ಅವರಿಗೆ ಇನ್ನೂ ಮುಟ್ಟಿಲ್ಲ, ಈಗ ಇರುವುದು 8. ಪಿಎಸ್‌ಐ ಗೈಡಾದರೆ ದಂಡಸಂಹಿತೆಯ ಅಧ್ಯಾಯ ನೋಡಿ. 2024ರ ಜುಲೈ 1ರಿಂದ 511 ಕಲಮುಗಳ ಐಪಿಸಿ ಹೋಗಿ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕೊಲೆಗೆ ಶಿಕ್ಷೆ 302ನೇ ಕಲಮು ಎಂದೇ ಇನ್ನೂ ಬರೆದಿದ್ದರೆ ಆ ಪುಸ್ತಕ ಕೆಳಗಿಡಿ, ಈಗ ಅದು 103. ಮೂರರಲ್ಲಿ ಒಂದು ತಪ್ಪಿದರೂ ಉಳಿದ ಮುನ್ನೂರು ಪುಟವನ್ನು ಯಾರೂ ತಿದ್ದಿಲ್ಲ ಎಂದೇ ಅರ್ಥ.

ಟೆಲಿಗ್ರಾಂ ಗುಂಪುಗಳ ಪಿಡಿಎಫ್ ನೋಟ್ಸಿಗೂ ಇದೇ ಅಳತೆ, ಅಲ್ಲಿ ಬರೆದವರ ಹೆಸರೂ ಇರುವುದಿಲ್ಲ ಎಂಬುದು ಇನ್ನೊಂದು ಕುಂದು. ಮೂಲ ಸಿಗುವಾಗ ನೋಟ್ಸು ಯಾಕೆ ಬೇಕು? ಕಾಯ್ದೆಗಳ ಅಧಿಕೃತ ಪಠ್ಯ ‘ಇಂಡಿಯಾ ಕೋಡ್’ ತಾಣದಲ್ಲಿದೆ, ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿವೆ. ರಾಜ್ಯದ ಆರ್ಥಿಕ ಸಮೀಕ್ಷೆ ಪ್ರತಿವರ್ಷ ಕನ್ನಡದಲ್ಲೂ ಬರುತ್ತದೆ. ‘ಯೋಜನಾ’ ಮಾಸಿಕ ಗ್ರಂಥಾಲಯದ ಮೇಜಿನ ಮೇಲೇ ಬಿದ್ದಿರುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಮತ್ತು ಕೀ ಉತ್ತರ ನೇಮಕಾತಿ ಪರೀಕ್ಷೆ ನಡೆಸುವ ಕೆಪಿಎಸ್‌ಸಿ, ಕೆಇಎ ತಾಣಗಳಲ್ಲಿ ಉಚಿತ. ಅಲ್ಲಿ ಅಂತಿಮ ಕೀ ಉತ್ತರವನ್ನೇ ಹಿಡಿಯಿರಿ, ತಾತ್ಕಾಲಿಕ ಕೀ ಆಕ್ಷೇಪಣೆಯ ನಂತರ ಬದಲಾಗುತ್ತದೆ. ಎಐ ಚಾಟ್‌ಗಳನ್ನು ಈಗ ಬಹಳ ಮಂದಿ ಮೇಷ್ಟ್ರಂತೆ ಬಳಸುತ್ತಿದ್ದಾರೆ. ಪುಸ್ತಕದ ಒಂದು ಕಂಡಿಕೆ ಹಾಕಿ ‘ಇದನ್ನು ಬಿಡಿಸಿ ಹೇಳು’ ಎಂದು ಕೇಳಲು ಅದು ಚಲೋ. ಇಸವಿ, ಕಲಮಿನ ಸಂಖ್ಯೆ, ಪುಸ್ತಕದ ಹೆಸರು ಕೇಳಿದರೆ ಇಲ್ಲದ್ದನ್ನೂ ಖಚಿತವಾಗಿ ಹೇಳಿಬಿಡುತ್ತದೆ. ಮೂಲ ನೋಡದೆ ಅದನ್ನು ಬರೆದುಕೊಳ್ಳಬಾರದು.

ಡೇಟಾ ಖರ್ಚೂ ಖರ್ಚೇ. 720ಪಿ ಗುಣಮಟ್ಟದಲ್ಲಿ ಒಂದು ಗಂಟೆಯ ವಿಡಿಯೊ ಸುಮಾರು 1 ಜಿಬಿ ತಿನ್ನುತ್ತದೆ, 360ಪಿಯಲ್ಲಿ ಅದರ ಮೂರನೆಯ ಒಂದು ಪಾಲು. ದಿನಕ್ಕೆ 1.5 ಜಿಬಿ ಪ್ಯಾಕಿನವರು 360ಕ್ಕೆ ಇಳಿಸಿ ನೋಡಲಿ. ಬೋರ್ಡಿನ ಬರಹ ಮಸುಕಾದರೆ ಎನ್‌ಪಿಟಿಇಎಲ್ ಪಾಠಗಳ ಲಿಖಿತ ರೂಪವನ್ನು ಪಿಡಿಎಫ್ ಆಗಿ ಇಳಿಸಿಕೊಂಡು ಜೊತೆಗಿಟ್ಟುಕೊಳ್ಳಲಿ.

ಡಿಗ್ರಿಯೇ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ‘ಒಂದೇ ವರ್ಷದಲ್ಲಿ ಪದವಿ’ ಎಂಬ ಪಾಂಪ್ಲೆಟ್ ಕಂಡಲ್ಲಿ ಹರಿದುಹಾಕಿ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನಂತೆ ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪಿತ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಅಥವಾ ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಡಿಗ್ರಿ ಕೊಡಬಹುದು. ನಕಲಿ ವಿವಿಗಳ ಪಟ್ಟಿ ಯುಜಿಸಿ ತಾಣದಲ್ಲೇ ಇದೆ. ದೂರಶಿಕ್ಷಣಕ್ಕೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ (ಡಿಇಬಿ) ಪಟ್ಟಿಯಲ್ಲಿ ವಿವಿಯ ಹೆಸರಷ್ಟೇ ಅಲ್ಲ, ನೀವು ಸೇರುವ ಕೋರ್ಸು ಮತ್ತು ಆ ವರ್ಷ ಎರಡೂ ಇರಬೇಕು. 2024ರಿಂದ ವಿದ್ಯಾರ್ಥಿಯೇ ಡಿಇಬಿ ಐಡಿ ಮಾಡಿಸಿಕೊಳ್ಳಬೇಕು. ಅದು ಬೇಡ ಎನ್ನುವ ಏಜೆಂಟರ ಹತ್ತಿರ ಹೋಗಬೇಡಿ. ಇಂಜಿನಿಯರಿಂಗ್, ಕಾನೂನು, ನರ್ಸಿಂಗ್, ಫಾರ್ಮಸಿಯನ್ನು ಅಂಚೆಯಲ್ಲಿ ಕಲಿಸುವುದಕ್ಕೆ ಅನುಮತಿಯೇ ಇಲ್ಲ. ಹತ್ತನೆಯದು, ಹನ್ನೆರಡನೆಯದು ಮುಗಿಸಬೇಕಾದವರಿಗೆ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಒಮ್ಮೆ ಸೇರಿದರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ವಿಷಯ ಮುಗಿಸಿಕೊಳ್ಳುತ್ತ ಹೋಗಬಹುದು. ಕೋಚಿಂಗ್ ಸೇರಿಯೇ ತೀರುತ್ತೇವೆ ಎನ್ನುವವರು ಫೀಯನ್ನು ಕಂತಿನಲ್ಲಿ ಕಟ್ಟಿ, ಪ್ರತಿ ಕಂತಿಗೂ ರಸೀದಿ ಪಡೆಯಿರಿ. ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿಯಲ್ಲಿ, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಫೀಯನ್ನು 10 ದಿನದೊಳಗೆ ಮರಳಿಸಬೇಕು ಎಂದಿದೆ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕೈಕೆಲಸ ಕಲಿಯುವವರಿಗೆ ಐಟಿಐ ಪಠ್ಯಗಳು ‘ಭಾರತ್ ಸ್ಕಿಲ್ಸ್’ ತಾಣದಲ್ಲಿವೆ, ಆದರೆ ವೈರಿಂಗ್, ವೆಲ್ಡಿಂಗನ್ನು ಪುಸ್ತಕ ನೋಡಿ ಒಬ್ಬರೇ ಮಾಡಬಾರದು. ಧಾರವಾಡದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿಗಳಿವೆ. ರೈತರಿಗೆ ಹುಲಕೋಟಿ, ಹನುಮನಮಟ್ಟಿ, ಸೈದಾಪುರದ ಕೃಷಿ ವಿಜ್ಞಾನ ಕೇಂದ್ರಗಳಿಗಿಂತ ಹತ್ತಿರದ ಶಾಲೆ ಇಲ್ಲ.

ಈಗ ಗ್ರಂಥಾಲಯದ ಮಾತಿಗೆ ಬರುತ್ತೇವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಅಂದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಮನೆ ಮಾಲೀಕರೆಲ್ಲ ಇದಕ್ಕೆ ಈಗಾಗಲೇ ರೊಕ್ಕ ಕಟ್ಟಿದ್ದಾರೆ, ಬಾಡಿಗೆದಾರರೂ ಬಾಡಿಗೆಯಲ್ಲಿ ಕಟ್ಟಿದ್ದಾರೆ. ಸ್ಥಳೀಯ ಸಂಸ್ಥೆಗಳು ಆ ಕರವನ್ನು ಆಯಾ ವರ್ಷವೇ ಪೂರ್ತಿ ಗ್ರಂಥಾಲಯಕ್ಕೆ ಸಲ್ಲಿಸಲಿ. ಓದುಗರು ಸಲಹಾ ವಹಿಯಲ್ಲಿ ‘ಗಣಿತದ ಪುಸ್ತಕ ತರಿಸಿ’ ಎಂದಷ್ಟೇ ಬರೆಯದೆ ಪುಸ್ತಕ, ಲೇಖಕ, ಪ್ರಕಾಶಕ, ಆವೃತ್ತಿಯ ವರ್ಷ, ಬೆಲೆ ಬರೆಯಲಿ. ಅಷ್ಟು ವಿವರ ಇಲ್ಲದ ಬೇಡಿಕೆಯ ಮೇಲೆ ಗ್ರಂಥಪಾಲಕರು ಏನನ್ನೂ ತರಿಸಲಾರರು. ಹಳ್ಳಿಗಳ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು, ಅಂದರೆ ಈಗಿನ ಅರಿವು ಕೇಂದ್ರಗಳು, ಕೂಲಿಗೆ ಹೋಗುವವರು ಮನೆಗೆ ಮರಳಿದ ಮೇಲೆ, ಸಂಜೆ 6ರಿಂದ 9ರವರೆಗೆ, ವಾರದಲ್ಲಿ ಮೂರು ದಿನವಾದರೂ ತೆರೆದಿರಲಿ.

ಪ್ರತಿ ಗ್ರಂಥಾಲಯಕ್ಕೂ ಒಂದು ಟಿಬಿಯ ಹಾರ್ಡ್ ಡಿಸ್ಕ್ ಒಂದು ಸಾಕು. ಪಠ್ಯಪುಸ್ತಕ ಸಂಘದ ಎಲ್ಲ ಪಿಡಿಎಫ್, ಸ್ಪೋಕನ್ ಟ್ಯುಟೋರಿಯಲ್ಲಿನ ಕನ್ನಡ ಪಾಠಗಳು, ಆಯ್ದ ಎನ್‌ಪಿಟಿಇಎಲ್ ಪಾಠಗಳು ಅದರಲ್ಲಿ ಹಿಡಿಸುತ್ತವೆ. ಈ ವಿಡಿಯೊ ಪಾಠಗಳು ಮುಕ್ತ ಪರವಾನಗಿಯಲ್ಲಿರುವುದರಿಂದ ಅವನ್ನು ಓದುಗರ ಪೆನ್‌ಡ್ರೈವಿಗೆ ಪುಕ್ಕಟೆ ಹಾಕಿಕೊಡಲು ಅಡ್ಡಿಯಿಲ್ಲ. ನೆಟ್ ಕೈಕೊಟ್ಟ ದಿನವೂ ಕಲಿಕೆ ನಿಲ್ಲುವುದಿಲ್ಲ.

ಮತ್ತು ಆ ಹಾಳೆ. ಎ-3 ಅಳತೆಯ ಕಾಗದ, ದೊಡ್ಡ ಕನ್ನಡ ಅಕ್ಷರ. ವಿಷಯಕ್ಕೊಂದು ಸಾಲು: ಗಣಿತ, ಇಂಗ್ಲಿಷ್, ಕಂಪ್ಯೂಟರ್, ಲೆಕ್ಕಪತ್ರ, ಕಾನೂನು, ಕೃಷಿ. ಪ್ರತಿ ಸಾಲಿಗೆ ಐದು ಕಾಲಂ: ಮೊದಲು ಓದಬೇಕಾದದ್ದು, ಆಮೇಲೆ ಓದಬೇಕಾದದ್ದು, ಅಭ್ಯಾಸದ ಪ್ರಶ್ನೆ ಎಲ್ಲಿ ಸಿಗುತ್ತದೆ, ನಮ್ಮ ಗ್ರಂಥಾಲಯದ ಯಾವ ಕಪಾಟಿನಲ್ಲಿದೆ, ಕೊನೆಯ ಸಲ ಪರಿಶೀಲಿಸಿದ ತಾರೀಖು. ಆರು ತಿಂಗಳಿಗೊಮ್ಮೆ ಹೊಸ ಹಾಳೆ. ತಪ್ಪು ಕಂಡವರು ಬರೆಯಲು ಕೆಳಗೆ ನಾಲ್ಕು ಬೆರಳು ಖಾಲಿ ಜಾಗ, ದಾರ ಕಟ್ಟಿದ ಒಂದು ಪೆನ್ನು.

— ಗ್ರಂಥಾಲಯ ಹಾಗೂ ದೂರಶಿಕ್ಷಣ ಕ್ಷೇತ್ರದ ಕಾರ್ಯಕರ್ತರು,
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ